ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

ಮನೋರೋಗದ ಚಿಕಿತ್ಸೆ ಎಂದರೆ ಕರೆಂಟು, ಕಬ್ಬಿಣದ ಕಂಬಿ, ಸರಪಳಿ. ದಶಕಗಳ ಸಿನಿಮಾ ನಮ್ಮೊಳಗೆ ಊರಿಬಿಟ್ಟ ಚಿತ್ರವಿದು. ಅದರಲ್ಲಿ ಎಷ್ಟು ನಿಜ, ಎಷ್ಟು ಹಳತು? ಗುಣವಾಗಿ ಮನೆಗೆ ಮರಳಿದವರ ಕಥೆಯನ್ನು ತೆರೆ ಇಷ್ಟು ಕಡಿಮೆ ಹೇಳಿದ್ದೇಕೆ?

'ಕರೆಂಟು ಕೊಡ್ತೀರಾ ಡಾಕ್ಟ್ರೇ?'

ಮನೆಯವರೊಬ್ಬರನ್ನು ಮೊದಲ ಸಲ ಮನೋವೈದ್ಯರ ಬಳಿಗೆ ಕರೆತಂದ ಹಲವರು ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ಹೀಗೆ ಕೇಳುವವರಲ್ಲಿ ಹೆಚ್ಚಿನವರು ಆ ಚಿಕಿತ್ಸೆಯನ್ನು ಕಣ್ಣಾರೆ ಕಂಡವರಲ್ಲ. ಆದರೂ ಅವರ ಕಣ್ಣ ಮುಂದೆ ಇಡೀ ದೃಶ್ಯವೇ ಇರುತ್ತದೆ. ಕಬ್ಬಿಣದ ಮಂಚ, ಕೈಕಾಲು ಅದುಮಿ ಹಿಡಿದ ನಾಲ್ಕು ಮಂದಿ, ಬಾಯಿಗೆ ತುರುಕಿದ ಬಟ್ಟೆ, ಹಣೆಯ ಎರಡೂ ಬದಿಗೆ ಒತ್ತಿದ ತಂತಿ, ಸೆಟೆದುಕೊಳ್ಳುವ ದೇಹ. ಈ ದೃಶ್ಯವನ್ನು ನಮಗೆ ಕೊಟ್ಟದ್ದು ಸಿನಿಮಾ.

ದೃಶ್ಯ ಪೂರ್ತಿ ಸುಳ್ಳೂ ಅಲ್ಲ. 1938ರಲ್ಲಿ ರೋಮ್‌ನಲ್ಲಿ ಊಗೊ ಚೆರ್ಲೆಟ್ಟಿ ಮತ್ತು ಲೂಚಿಯೊ ಬೀನಿ ವಿದ್ಯುತ್ ಚಿಕಿತ್ಸೆಯನ್ನು ಮೊದಲು ಪ್ರಯೋಗಿಸಿದಾಗ ಅದರ ಜೊತೆ ಅರಿವಳಿಕೆ ಇರಲಿಲ್ಲ. ಸೆಳೆತದ ರಭಸಕ್ಕೆ ಕೆಲವರ ಬೆನ್ನುಮೂಳೆ ಮುರಿಯುತ್ತಿತ್ತು. ಅದೇ ಕಾಲಕ್ಕೆ ಇನ್ಸುಲಿನ್ ಚುಚ್ಚಿ ರೋಗಿಯನ್ನು ಪ್ರಜ್ಞಾಹೀನ ಸ್ಥಿತಿಗೆ ಇಳಿಸಿ ಮತ್ತೆ ಎಬ್ಬಿಸುವ ಪದ್ಧತಿಯೂ ಇತ್ತು. ಮಿದುಳಿನ ಮುಂಭಾಗದ ನರಸಂಪರ್ಕವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ಪೋರ್ಚುಗಲ್‌ನ ಎಗಾಸ್ ಮೋನಿಸ್ 1935ರಲ್ಲಿ ಆರಂಭಿಸಿದರು. 1949ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಮುಂದೆ ಲೊಬಾಟಮಿ ಎಂದು ಹೆಸರಾದ ಈ ಶಸ್ತ್ರಚಿಕಿತ್ಸೆಗೆ ಅಮೆರಿಕವೊಂದರಲ್ಲೇ ಸುಮಾರು 40 ಸಾವಿರ ಮಂದಿ ಒಳಗಾದರು.

ಇದನ್ನೆಲ್ಲ ಮಾಡಿದ ವೈದ್ಯರೆಲ್ಲ ಕ್ರೂರಿಗಳಾಗಿರಲಿಲ್ಲ, ಅವರ ಕೈಯಲ್ಲಿ ಬೇರೆ ಔಷಧ ಇರಲಿಲ್ಲ. 1955ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5.59 ಲಕ್ಷ ರೋಗಿಗಳಿದ್ದರು. ಭ್ರಮೆ, ಉದ್ರೇಕಗಳನ್ನು ತಗ್ಗಿಸುವ ಮೊದಲ ಪರಿಣಾಮಕಾರಿ ಔಷಧ ಕ್ಲೋರ್‌ಪ್ರೊಮಾಜಿನ್ ಪ್ಯಾರಿಸ್‌ನಲ್ಲಿ ಬಳಕೆಗೆ ಬಂದದ್ದೇ 1952ರಲ್ಲಿ. ಸಿನಿಮಾ ಕ್ಯಾಮೆರಾ ಆಸ್ಪತ್ರೆಯ ಗೇಟು ದಾಟಿ ಒಳಹೊಕ್ಕದ್ದು ಈ ಅಸಹಾಯಕ ದಶಕಗಳಲ್ಲೇ.

ಕಂಬಿಯ ಹಿಂದಿನ ಜಗತ್ತು

1948ರಲ್ಲಿ ತೆರೆಕಂಡ ಹಾಲಿವುಡ್ಡಿನ 'ದಿ ಸ್ನೇಕ್ ಪಿಟ್' ಈ ಬಗೆಯ ಚಿತ್ರಗಳಿಗೆಲ್ಲ ಹಿರಿಯಕ್ಕ. ತಾನೇ ಮಾನಸಿಕ ಆಸ್ಪತ್ರೆಯಲ್ಲಿದ್ದು ಬಂದ ಲೇಖಕಿ ಮೇರಿ ಜೇನ್ ವಾರ್ಡ್ 1946ರಲ್ಲಿ ಪ್ರಕಟಿಸಿದ ಕಾದಂಬರಿ ಅದರ ಮೂಲ. ನಿರ್ದೇಶಕ ಅನತೋಲ್ ಲಿಟ್ವಾಕ್, ನಾಯಕಿ ಒಲಿವಿಯಾ ಡಿ ಹ್ಯಾವಿಲೆಂಡ್. ಪಾತ್ರದ ತಯಾರಿಗೆಂದು ಆಕೆ ಆಸ್ಪತ್ರೆಗಳಿಗೆ ಹೋಗಿ ರೋಗಿಗಳನ್ನೂ ಚಿಕಿತ್ಸೆಗಳನ್ನೂ ಹತ್ತಿರದಿಂದ ಗಮನಿಸಿದ್ದರು.

ಚಿತ್ರದ ನಾಯಕಿ ವರ್ಜೀನಿಯಾಗೆ ತಾನು ಎಲ್ಲಿದ್ದೇನೆ ಎಂಬುದೇ ಮೊದಲು ಗೊತ್ತಿರುವುದಿಲ್ಲ. ವಿದ್ಯುತ್ ಚಿಕಿತ್ಸೆ, ನೀರಿನ ತೊಟ್ಟಿಯಲ್ಲಿ ಮಲಗಿಸಿಡುವುದು, ಕೈಕಟ್ಟುವ ಅಂಗಿ, ಕಿಕ್ಕಿರಿದ ವಾರ್ಡು ಎಲ್ಲವನ್ನೂ ಆಕೆ ಹಾದುಬರುತ್ತಾಳೆ. ಆದರೆ ಈ ಚಿತ್ರ ವೈದ್ಯನನ್ನು ಖಳನನ್ನಾಗಿಸಲಿಲ್ಲ. ಇಲ್ಲಿನ ಡಾಕ್ಟರ್ ಕಿಕ್ ತಾಳ್ಮೆಯಿಂದ ಕೂತು ಮಾತಾಡುವ ಮನುಷ್ಯ. ಆಕೆ ಮಾತಿಗೆ ಸಿಗಲಿ ಎಂಬ ಕಾರಣಕ್ಕೇ ವಿದ್ಯುತ್ ಚಿಕಿತ್ಸೆ ಕೊಡಿಸುತ್ತಾನೆ. ತಪ್ಪಿರುವುದು ಜನ ತುಂಬಿ ತುಳುಕುವ ವ್ಯವಸ್ಥೆಯಲ್ಲಿ ಎಂಬುದನ್ನು ಚಿತ್ರ ನೇರವಾಗಿ ಹೇಳುತ್ತದೆ. ಬ್ರಿಟನ್ನಿನಲ್ಲಿ ಚಿತ್ರ ಬಿಡುಗಡೆಯಾಗುವಾಗ, 'ಇವರೆಲ್ಲ ನಟರು, ನಮ್ಮ ದೇಶದ ಆಸ್ಪತ್ರೆಗಳು ಹೀಗಿಲ್ಲ' ಎಂಬರ್ಥದ ವಿವರಣೆಯನ್ನು ಆರಂಭದಲ್ಲೇ ತೋರಿಸಬೇಕಾಯಿತು. ನೋಡುಗರು ಅಷ್ಟು ಬೆಚ್ಚುತ್ತಾರೆಂಬ ಅಳುಕು ಅಲ್ಲಿನ ಸೆನ್ಸಾರಿಗಿತ್ತು.

ಜಗತ್ತಿನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತದ್ದು ಮಾತ್ರ 1975ರ 'ಒನ್ ಫ್ಲೂ ಓವರ್ ದ ಕುಕ್ಕೂಸ್ ನೆಸ್ಟ್'. ಕಾದಂಬರಿಕಾರ ಕೆನ್ ಕೀಸಿ ಕ್ಯಾಲಿಫೋರ್ನಿಯಾದ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಸಹಾಯಕನಾಗಿ ದುಡಿದವರು. ಅಲ್ಲಿ ಕಂಡದ್ದರಿಂದ 1962ರ ಅವರ ಕಾದಂಬರಿ ಹುಟ್ಟಿತು. ಮಿಲೋಸ್ ಫೋರ್ಮನ್ ಅದನ್ನು ಚಿತ್ರೀಕರಿಸಿದ್ದು ಆರೆಗನ್ ರಾಜ್ಯದ ಸೇಲಂ ಎಂಬ ಊರಿನ ನಿಜವಾದ ಮಾನಸಿಕ ಆಸ್ಪತ್ರೆಯಲ್ಲಿ. ಆಸ್ಪತ್ರೆಯ ಅಧೀಕ್ಷಕ ಡಾ. ಡೀನ್ ಬ್ರೂಕ್ಸ್ ಅವರೇ ಚಿತ್ರದಲ್ಲಿ ವೈದ್ಯನ ಪಾತ್ರ ಮಾಡಿದರು. ಅಲ್ಲಿನ ಹಲವು ರೋಗಿಗಳು ಚಿತ್ರತಂಡದಲ್ಲಿ ಕೆಲಸ ಮಾಡಿದರು. ಅತ್ಯುತ್ತಮ ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕಥೆ ಎಂಬ ಐದೂ ಪ್ರಮುಖ ಆಸ್ಕರ್‌ಗಳು ಅದಕ್ಕೆ ಬಂದವು.

ಜಾಕ್ ನಿಕೋಲ್ಸನ್‌ನ ಮ್ಯಾಕ್‌ಮರ್ಫಿ ವಾರ್ಡಿನ ನಿಯಮಗಳಿಗೆ ತಿರುಗಿಬೀಳುತ್ತಾನೆ. ಅದಕ್ಕೆ ಶಿಕ್ಷೆಯೆಂಬಂತೆ ಅವನಿಗೆ ಅರಿವಳಿಕೆಯಿಲ್ಲದೆ ಕರೆಂಟು ಕೊಡುತ್ತಾರೆ, ಕೊನೆಗೆ ಲೊಬಾಟಮಿ ಮಾಡುತ್ತಾರೆ. ಚಿಕಿತ್ಸೆಯನ್ನು ಬೆದರಿಕೆಯಾಗಿ, ಶಿಸ್ತಿನ ಕೋಲಾಗಿ ಬಳಸಿದ ಆಸ್ಪತ್ರೆಗಳು ಅಂದು ನಿಜವಾಗಿಯೂ ಇದ್ದವು. ಆ ಮಟ್ಟಿಗೆ ಚಿತ್ರ ಸತ್ಯವನ್ನೇ ಹೇಳಿತು. ಆದರೆ ಅದು ತೆರೆಗೆ ಬಂದ 1975ರ ಹೊತ್ತಿಗೆ ಅಮೆರಿಕದಲ್ಲಿ ಲೊಬಾಟಮಿ ಬಹುಮಟ್ಟಿಗೆ ನಿಂತಿತ್ತು. ವಿದ್ಯುತ್ ಚಿಕಿತ್ಸೆಯ ಜೊತೆ ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧ ಕೊಡುವುದು ರೂಢಿಗೆ ಬಂದಿತ್ತು. ನೋಡುಗರು ಹಿಂದಿನ ಕಾಲದ ಚಿತ್ರವನ್ನು ಇಂದಿನದೆಂದೇ ಮನೆಗೆ ಒಯ್ದರು.

ಅದರಿಂದಾದ ನಷ್ಟ ಸಣ್ಣದಲ್ಲ. ಅನ್ನನೀರು ಬಿಟ್ಟು ಕಲ್ಲಿನಂತೆ ಕೂತವರಿಗೆ, ಸಾಯಲೇಬೇಕೆಂದು ಹಟ ಹಿಡಿದ ತೀವ್ರ ಖಿನ್ನತೆಯವರಿಗೆ ಈ ಚಿಕಿತ್ಸೆ ಇಂದಿಗೂ ಜೀವ ಉಳಿಸುತ್ತದೆ. ರೋಗಿ ನಿದ್ದೆಯಲ್ಲಿರುತ್ತಾರೆ, ವಿದ್ಯುತ್ ಹರಿಯುವುದು ಕೆಲವೇ ಸೆಕೆಂಡು, ಸೆಳೆತ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ನೆನಪಿನ ತೊಡಕು ಅದರ ನಿಜವಾದ ಅಡ್ಡಪರಿಣಾಮ. ಅದನ್ನು ರೋಗಿಗೂ ಮನೆಯವರಿಗೂ ಮೊದಲೇ ಬಿಡಿಸಿ ಹೇಳಲೇಬೇಕು. ಹಾಗೆಂದು ನಮ್ಮವರ ಭಯವನ್ನು ಬರೀ ಸಿನಿಮಾದ ಕಟ್ಟುಕಥೆ ಎಂದು ತಳ್ಳಿಹಾಕುವುದೂ ಅನ್ಯಾಯ. ಭಾರತದ ಎಷ್ಟೋ ಆಸ್ಪತ್ರೆಗಳಲ್ಲಿ ಅರಿವಳಿಕೆಯಿಲ್ಲದ ವಿದ್ಯುತ್ ಚಿಕಿತ್ಸೆ ಈ ಶತಮಾನದ ಆರಂಭದವರೆಗೂ ನಡೆದಿತ್ತು. ಅದನ್ನು ಪೂರ್ತಿಯಾಗಿ ನಿಷೇಧಿಸಿದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ.

ಪ್ರೀತಿಯೇ ಮದ್ದು ಎಂಬ ನಂಬಿಕೆ

ಭಾರತೀಯ ಸಿನಿಮಾ ಕರೆಂಟಿಗೆ ಎದುರಾಗಿ ಇನ್ನೊಂದು ಚಿಕಿತ್ಸೆಯನ್ನು ಹುಡುಕಿಕೊಂಡಿತು. ಅದು ಪ್ರೀತಿ. ಬಂಗಾಳಿ ಲೇಖಕ ಆಶುತೋಷ್ ಮುಖ್ಯೋಪಾಧ್ಯಾಯರ ಕಥೆಯನ್ನು ಅಸಿತ್ ಸೇನ್ 1959ರಲ್ಲಿ ಸುಚಿತ್ರಾ ಸೇನ್ ನಟನೆಯಲ್ಲಿ 'ದೀಪ್ ಜ್ವೇಲೆ ಜಾಯ್' ಎಂದು ತೆರೆಗೆ ತಂದರು. ದಶಕದ ನಂತರ ಅದೇ ಕಥೆ ಅವರದೇ ನಿರ್ದೇಶನದಲ್ಲಿ ಹಿಂದಿಯಲ್ಲಿ 'ಖಾಮೋಶಿ' ಆಯಿತು. ಸೈನ್ಯದಲ್ಲಿದ್ದ ಹಿರಿಯ ವೈದ್ಯರೊಬ್ಬರು ವಿದ್ಯುತ್ ಚಿಕಿತ್ಸೆಯ ಬದಲು ಒಂದು ಪ್ರಯೋಗ ಹೂಡುತ್ತಾರೆ. ಪ್ರೇಮಭಂಗದಿಂದ ಮನಸ್ಸು ಕದಡಿದ ಗಂಡಸಿಗೆ ನರ್ಸ್ ಒಬ್ಬಳು ಪ್ರೇಯಸಿಯಂತೆ, ತಾಯಿಯಂತೆ ನಟಿಸಿ ಗುಣಪಡಿಸಬೇಕು. ವಹೀದಾ ರೆಹಮಾನ್ ಅವರ ರಾಧಾ ಒಬ್ಬನನ್ನು ಗುಣಪಡಿಸುತ್ತಾಳೆ, ಅವನು ಹೊರಟುಹೋಗುತ್ತಾನೆ. ಎರಡನೆಯ ರೋಗಿಯಾಗಿ ಬಂದ ರಾಜೇಶ್ ಖನ್ನಾನನ್ನೂ ಗುಣಪಡಿಸುತ್ತಾಳೆ. ಆ ಹೊತ್ತಿಗೆ ಅವಳ ಮನಸ್ಸೇ ಮುರಿದು, ತಾನು ಸೇವೆ ಮಾಡಿದ ಆಸ್ಪತ್ರೆಯಲ್ಲೇ ರೋಗಿಯಾಗುತ್ತಾಳೆ.

'ಖಾಮೋಶಿ'ಯನ್ನು ನಾವು ಹಾಡುಗಳಿಗಾಗಿ ನೆನೆಯುತ್ತೇವೆ. ಆದರೆ ಅದರೊಳಗಿನ ನೈತಿಕ ಪ್ರಶ್ನೆ ಇಂದಿಗೂ ಚುರುಕಾಗಿದೆ. ಚಿಕಿತ್ಸೆಯ ಹೆಸರಿನಲ್ಲಿ ಹೆಣ್ಣೊಬ್ಬಳ ಭಾವನೆಯನ್ನು ಔಷಧದಂತೆ ಅಳೆದು ಕೊಡಬಹುದೇ? ಅದರ ಬೆಲೆ ತೆರುವವರು ಯಾರು? 1970ರ 'ಖಿಲೋನಾ' ಇದೇ ಹಾದಿಯಲ್ಲಿ ಇನ್ನೂ ಮುಂದೆ ಹೋಗಿ, ಮನೆಮಗನ ಹುಚ್ಚು ಬಿಡಿಸಲೆಂದು ವೇಶ್ಯಾಗೃಹದ ಹೆಣ್ಣೊಬ್ಬಳನ್ನು ಹಣ ಕೊಟ್ಟು ಕರೆತಂದ ಕುಟುಂಬದ ಕಥೆ ಹೇಳಿತು.

ಕನ್ನಡದಲ್ಲಿ ಪುಟ್ಟಣ್ಣ ಕಣಗಾಲ್ 1982ರ 'ಮಾನಸ ಸರೋವರ'ದಲ್ಲಿ ಇದೇ ಗಂಟನ್ನು ವೈದ್ಯನ ಕಡೆಯಿಂದ ಬಿಚ್ಚಲು ನೋಡಿದರು. ಶ್ರೀನಾಥ್ ಅಭಿನಯಿಸಿದ ಮನೋವೈದ್ಯ, ಪದ್ಮಾ ವಾಸಂತಿ ಪಾತ್ರದ ರೋಗಿಯನ್ನು ಗುಣಪಡಿಸುತ್ತ ಅವಳಿಗೇ ಮನಸೋಲುತ್ತಾನೆ. ಗುಣವಾದ ಅವಳ ಮನಸ್ಸು ಬೇರೊಬ್ಬನತ್ತ ತಿರುಗಿದಾಗ ವೈದ್ಯನೇ ಕುಸಿಯುತ್ತಾನೆ. ರೋಗಿ ಮತ್ತು ವೈದ್ಯರ ನಡುವೆ ಒಂದು ಗೆರೆ ಇರಬೇಕು ಎಂದು ಇಂದಿನ ವೈದ್ಯಕೀಯ ನೀತಿ ಗಟ್ಟಿಯಾಗಿ ಹೇಳುತ್ತದೆ. ಆ ಗೆರೆ ಅಳಿಸಿದರೆ ಏನಾಗುತ್ತದೆಂದು ಪುಟ್ಟಣ್ಣ ದುರಂತದ ರೂಪದಲ್ಲಿ ತೋರಿಸಿದರು.

ಪ್ರೀತಿಗೆ ಗುಣಪಡಿಸುವ ಶಕ್ತಿ ಇಲ್ಲವೆಂದಲ್ಲ. ಮನೆಯವರ ಅಕ್ಕರೆ ಚಿಕಿತ್ಸೆಯ ಅರ್ಧ ಭಾರ ಹೊರುತ್ತದೆ. ಆದರೆ ಈ ಚಿತ್ರಗಳಲ್ಲಿ ಪ್ರೀತಿ ಒಂದೇ ಏಟಿಗೆ ರೋಗ ಇಳಿಸುವ ಪವಾಡವಾಯಿತು. ಇದೇ ನಂಬಿಕೆ ಹಳ್ಳಿಪಟ್ಟಣಗಳಲ್ಲಿ 'ಮದುವೆ ಮಾಡಿದ್ರೆ ಸರಿಹೋಗ್ತಾನೆ' ಎಂಬ ಹಿರಿಯರ ಮಾತಾಗಿ ಎಷ್ಟೋ ಹೆಣ್ಣುಮಕ್ಕಳ ಬಾಳನ್ನು ಹಿಂಡಿದೆ.

ಮಂಡಲ ಮತ್ತು ಸರಪಳಿ

ನಮ್ಮಲ್ಲಿ ಚಿಕಿತ್ಸೆಯ ದಾರಿ ಆಸ್ಪತ್ರೆಯಿಂದಲೇ ಶುರುವಾಗುವುದಿಲ್ಲ. ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ನಮ್ಮ ಕರಾವಳಿಯ ಕೋಟದಲ್ಲಿ ಕೂತು ಊರವರ ಮನಸ್ಸಿನ ಸಂಕಟಗಳನ್ನು ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ಅದರಲ್ಲಿ ನಾಟಿ ವೈದ್ಯ, ಮಂತ್ರವಾದಿ, ದರ್ಶನದ ಪಾತ್ರಿ, ಇಂಗ್ಲಿಷ್ ಮದ್ದಿನ ಡಾಕ್ಟರು ಎಲ್ಲರೂ ಬರುತ್ತಾರೆ. ಅವರೆಲ್ಲರ ಬಾಗಿಲನ್ನೂ ತಟ್ಟುವ ಜನರಿಗೆ ಅದರಲ್ಲಿ ವಿರೋಧಾಭಾಸವೇನೂ ಕಾಣುತ್ತಿರಲಿಲ್ಲ.

ಈ ಸತ್ಯವನ್ನು ಜನಪ್ರಿಯ ಸಿನಿಮಾ ಚೆನ್ನಾಗಿ ಗ್ರಹಿಸಿದ್ದು ಫಾಸಿಲ್ ನಿರ್ದೇಶನದ 1993ರ ಮಲಯಾಳಂ ಚಿತ್ರ 'ಮಣಿಚಿತ್ರತಾಳ್'ನಲ್ಲಿ, ಅದರಿಂದ ಹುಟ್ಟಿದ ನಮ್ಮ 2004ರ 'ಆಪ್ತಮಿತ್ರ'ದಲ್ಲಿ. ವಿಷ್ಣುವರ್ಧನ್ ಮನೋವೈದ್ಯ, ಅವಿನಾಶ್ ಮಂತ್ರ ಬಲ್ಲ ಆಚಾರ್ಯ, ಸೌಂದರ್ಯ ತನ್ನೊಳಗೆ ನಾಗವಲ್ಲಿಯನ್ನು ಕಂಡ ಗಂಗಾ. ವೈದ್ಯ ಆಚಾರ್ಯನನ್ನು ಗೇಲಿ ಮಾಡುವುದಿಲ್ಲ, ಆಚಾರ್ಯನೂ ವೈದ್ಯನಿಗೆ ಅಡ್ಡಬರುವುದಿಲ್ಲ. ಗಂಗಾ ದುಷ್ಟಳಲ್ಲ, ಅವಳಿಗಿರುವುದು ಕಾಯಿಲೆ ಎಂಬ ಮಾತನ್ನು ಲಕ್ಷಾಂತರ ಕನ್ನಡಿಗರು ಥಿಯೇಟರಿನಲ್ಲಿ ಕೇಳಿಸಿಕೊಂಡರು. ಅದು ಒಳ್ಳೆಯದೇ ಆಯಿತು. ಆದರೆ ಒಂದೇ ರಾತ್ರಿಯ ನಾಟಕದಿಂದ ಕಾಯಿಲೆ ಪೂರ್ತಿ ಬಿಟ್ಟುಹೋಯಿತು ಎಂಬ ಮುಕ್ತಾಯ ವೈದ್ಯಲೋಕಕ್ಕಿಂತ ಮಂತ್ರಲೋಕಕ್ಕೇ ಹತ್ತಿರ.

ಸುದೀಪ್ ಅವರಿಗೆ ಹೆಸರು ತಂದುಕೊಟ್ಟ 'ಹುಚ್ಚ' 2001ರಲ್ಲಿ ಬಂತು. ತಮಿಳಿನ 'ಸೇತು' ಅದರ ಮೂಲ. ಬೋಳು ತಲೆ, ಕಾಲಿಗೆ ಸರಪಳಿ ಹಾಕಿಸಿಕೊಂಡ ನಾಯಕನ ಚಿತ್ರ ಪ್ರೇಕ್ಷಕರ ಕರುಳು ಹಿಂಡಿತು. ಅದೇ ವರ್ಷ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯಗಳಲ್ಲೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಂದಿಯಾಗಿದ್ದವರಿಗೆ ಓಡಲಾಗಲಿಲ್ಲ. 28 ಜನ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ತೆರೆಯ ಮೇಲೆ ಸರಪಳಿ ನಾಯಕನ ದುಃಖವನ್ನು ಹಿಗ್ಗಿಸುವ ಅಲಂಕಾರವಾಗಿತ್ತು. ಏರ್ವಾಡಿಯಲ್ಲಿ ಅದು ಅಷ್ಟು ಜನರ ಸಾವಿಗೆ ಕಾರಣವಾಯಿತು. ಯಾವ ರೀತಿಯಿಂದಲೂ ರೋಗಿಯನ್ನು ಸರಪಳಿಯಲ್ಲಿ ಕಟ್ಟಕೂಡದು ಎಂದು 2017ರ ಕಾಯ್ದೆ ಖಡಾಖಂಡಿತವಾಗಿ ಹೇಳಿರುವುದರ ಹಿಂದೆ ಇಂಥ ಸಾವುಗಳಿವೆ.

ಕಾವೇರಿ ಮನೆಗೆ ಬಂದಳು

ಇಷ್ಟೆಲ್ಲ ಚಿತ್ರಗಳ ನಡುವೆ, ಉಳಿದವು ಮುಗಿಯುವಲ್ಲಿಂದ ತನ್ನ ಪ್ರಶ್ನೆಯನ್ನು ಎತ್ತಿಕೊಂಡ ಚಿತ್ರ ಕನ್ನಡದಲ್ಲಿದೆ. 1972ರ 'ಶರಪಂಜರ'. ಮನಶ್ಶಾಸ್ತ್ರವನ್ನು ಓದಿದ್ದ ತ್ರಿವೇಣಿ ಬರೆದ ಕಾದಂಬರಿ, ಪುಟ್ಟಣ್ಣನವರ ನಿರ್ದೇಶನ, ಕಲ್ಪನಾ ಅವರ ಕಾವೇರಿ, ಗಂಗಾಧರ್ ಅವರ ಸತೀಶ. ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. 1963ರಲ್ಲೇ ತೀರಿಕೊಂಡಿದ್ದ ತ್ರಿವೇಣಿ ಅದನ್ನು ನೋಡಲು ಇರಲಿಲ್ಲ.

ಕಾವೇರಿಗೆ ಎರಡನೆಯ ಹೆರಿಗೆಯ ನಂತರ ಮನಸ್ಸಿನ ಹಿಡಿತ ತಪ್ಪುತ್ತದೆ. ಹಳ್ಳಿಯ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ಈ ಕಾಯಿಲೆ ಸಾವಿರ ಹೆರಿಗೆಗೆ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರಗಳೊಳಗೆ ಬರುತ್ತದೆ. ಬೇಗ ಚಿಕಿತ್ಸೆ ಸಿಕ್ಕರೆ ಚೆನ್ನಾಗಿ ಗುಣವಾಗುತ್ತದೆ. ಕಾವೇರಿಯೂ ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ. ಬೇರೆ ಚಿತ್ರವಾಗಿದ್ದರೆ ಅಲ್ಲಿಗೆ ಮಂಗಳ ಹಾಡಿಬಿಡುತ್ತಿತ್ತು. ತ್ರಿವೇಣಿ ಮತ್ತು ಪುಟ್ಟಣ್ಣ ಅಲ್ಲಿಂದಲೇ ನಿಜವಾದ ಕಥೆ ಶುರುಮಾಡುತ್ತಾರೆ.

ಮನೆಗೆ ಬಂದವಳ ಮೇಲೆ ಎಲ್ಲರ ಕಣ್ಣು. ಅವಳು ನಕ್ಕರೆ ಅನುಮಾನ, ಮೌನವಾಗಿದ್ದರೆ ಇನ್ನೂ ಅನುಮಾನ. ಹೆಂಡತಿಯಾಗಿ ಸಿಟ್ಟು ಮಾಡಿದರೂ ಅದಕ್ಕೆ ರೋಗದ ಹೆಸರು. ಗಂಡ ದೂರ ಸರಿಯುತ್ತಾನೆ. ಆಸ್ಪತ್ರೆಯಲ್ಲಿ ಅವಳಿಗೆ ಸಿಕ್ಕಿದ್ದ ಭರವಸೆಯನ್ನು ಮನೆ ದಿನಕ್ಕಿಷ್ಟರಂತೆ ಕಿತ್ತುಕೊಳ್ಳುತ್ತದೆ. ಗಂಡನಿಗೆ ಬೇರೊಬ್ಬಳೊಡನೆ ಸಂಬಂಧವಿದೆಯೆಂದು ತಿಳಿದ ಮೇಲೆ ಅವಳು ಮತ್ತೆ ಕುಸಿದು ಆಸ್ಪತ್ರೆಗೇ ಮರಳುತ್ತಾಳೆ. ಈ ಚಿತ್ರದಲ್ಲಿ ರೋಗ ಮರುಕಳಿಸಲು ವೈದ್ಯರ ತಪ್ಪೂ ಕಾರಣವಲ್ಲ, ವಿಧಿಯೂ ಕಾರಣವಲ್ಲ. ಅವಳ ಸುತ್ತ ಇದ್ದ ಸಭ್ಯಸ್ಥರು ಕಾರಣ.

ಕಲ್ಪನಾ ಅವರ ಅಭಿನಯವನ್ನು ಹೊಗಳುವಾಗ ನಾವು ಸಾಮಾನ್ಯವಾಗಿ ಹುಚ್ಚಿನ ದೃಶ್ಯಗಳನ್ನೇ ಎತ್ತಿ ಹೇಳುತ್ತೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಗುಣವಾದ ಕಾವೇರಿ. ತಾನು ಸರಿಯಾಗಿದ್ದೇನೆಂದು ಪ್ರತಿಕ್ಷಣ ಸಾಬೀತುಪಡಿಸಬೇಕಾದ ಹೆಣ್ಣಿನ ದಣಿವು, ಎಲ್ಲವೂ ಮೊದಲಿನಂತಾಗುತ್ತದೆ ಎಂಬ ಆಸೆ, ಅದು ಕರಗುವಾಗಿನ ಗಾಬರಿ ಅವರ ಕಣ್ಣಲ್ಲಿದೆ. ಜಗತ್ತಿನ ದೊಡ್ಡ ಚಿತ್ರಗಳು ಆಸ್ಪತ್ರೆಯ ಗೋಡೆಯನ್ನು ಬೈಯುತ್ತಿದ್ದ ಕಾಲದಲ್ಲಿ ಕನ್ನಡದ ಒಂದು ಚಿತ್ರ ಮನೆಯ ಗೋಡೆಯನ್ನು ಪ್ರಶ್ನಿಸಿತು. 'ನಿಮ್ಹಾನ್ಸ್‌ಗೆ ಸೇರಿಸಬೇಕು' ಎಂದು ಇಂದಿಗೂ ನಗೆಮಾತಾಡುವ ನಾವು ಆ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಕ್ಯಾಮೆರಾ ಹೋಗದ ಜಾಗಗಳು

ಬೇಸರದ ಸಂಗತಿಯೆಂದರೆ, ತೆರೆ ಕಂಬಿ–ಕರೆಂಟುಗಳನ್ನೇ ತೋರಿಸುತ್ತಿದ್ದ ದಶಕಗಳಲ್ಲಿ ಭಾರತದ ಮನೋವೈದ್ಯರು ಬೇರೆಯದೇ ಒಂದು ದಾರಿ ಕಟ್ಟುತ್ತಿದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ ಡಾ. ವಿದ್ಯಾಸಾಗರ್ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಅಲ್ಲೇ ಇರಿಸಿಕೊಂಡರು. ಅಪ್ಪ, ಅಮ್ಮ, ಹೆಂಡತಿ ಕಾಯಿಲೆಯನ್ನು ಹತ್ತಿರದಿಂದ ಅರಿತು, ನೋಡಿಕೊಳ್ಳುವುದನ್ನು ಕಲಿತು, ರೋಗಿಯೊಡನೆ ಊರಿಗೆ ಮರಳುತ್ತಿದ್ದರು. ವೆಲ್ಲೂರಿನಲ್ಲೂ ಬೆಂಗಳೂರಿನಲ್ಲೂ ಕುಟುಂಬ ಜೊತೆಗಿರುವ ವ್ಯವಸ್ಥೆ ಬೆಳೆಯಿತು. ಹೊರಗಿನವರಿಗೆ ಬಾಗಿಲು ಮುಚ್ಚಿದ ಪಶ್ಚಿಮದ ದೊಡ್ಡ ಆಸ್ಪತ್ರೆಗಳ ಮಾದರಿಗೆ ಇದು ತದ್ವಿರುದ್ಧ.

ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯ ಜೊತೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದರ ವೈದ್ಯರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಹಳ್ಳಿಯ ಹತ್ತಿರವೇ ಔಷಧ ಸಿಗುವಂತೆ ಮಾಡಿದರು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಈ ಬಳ್ಳಾರಿಯೇ. ಕಾವೇರಿಯಂಥ ಬಾಣಂತಿಯರನ್ನು ಮಗುವಿನಿಂದ ಅಗಲಿಸದೆ ಚಿಕಿತ್ಸೆ ಕೊಡಲೆಂದು 2009ರಲ್ಲಿ ನಿಮ್ಹಾನ್ಸ್‌ನಲ್ಲಿ ತಾಯಿ–ಮಗುವಿನ ಒಳರೋಗಿ ಘಟಕ ಶುರುವಾಯಿತು. ಇವು ಯಾವುವೂ ಕನ್ನಡದ ಜನಪ್ರಿಯ ಸಿನಿಮಾದ ಕಥೆಯಾಗಲಿಲ್ಲ.

ಮನೆಯೊಳಗಿನ ಚಿಕಿತ್ಸೆಯನ್ನು ತೋರಿಸಬಹುದೆಂಬುದಕ್ಕೆ ಉದಾಹರಣೆಗಳಿವೆ. 2001ರ 'ಎ ಬ್ಯೂಟಿಫುಲ್ ಮೈಂಡ್' ಗಣಿತಜ್ಞ ಜಾನ್ ನ್ಯಾಶ್‌ಗೆ ಕೊಟ್ಟ ಇನ್ಸುಲಿನ್ ಚಿಕಿತ್ಸೆಯ ಭೀಕರತೆಯನ್ನು ತೋರಿಸಿಯೂ ಅಲ್ಲಿಗೇ ನಿಲ್ಲದೆ ಮನೆಗೆ ಬಂತು. ಮಾತ್ರೆಯಿಂದ ಮಂಕಾಗುವ ಬುದ್ಧಿ, ಮಾತ್ರೆ ಬಿಟ್ಟಾಗ ಮರಳುವ ಭ್ರಮೆ, ದಣಿದ ಹೆಂಡತಿ ಎಲ್ಲವೂ ಅಲ್ಲಿವೆ. ಕೊನೆಗೆ ನ್ಯಾಶ್ ಹೊಸ ಔಷಧ ಸೇವಿಸುತ್ತಿರುವುದಾಗಿ ಚಿತ್ರದಲ್ಲಿ ಹೇಳುತ್ತಾರೆ. ನಿಜದ ನ್ಯಾಶ್ 1970ರ ನಂತರ ಔಷಧ ತೆಗೆದುಕೊಂಡಿರಲಿಲ್ಲ. ಒಬ್ಬರ ಅಪರೂಪದ ಅನುಭವವನ್ನು ನೋಡಿ ಸಾವಿರಾರು ಜನ ಮಾತ್ರೆ ಬಿಟ್ಟುಬಿಟ್ಟರೆ ಎಂಬ ಆತಂಕದಿಂದಲೇ ಆ ಮಾತು ಸೇರಿತೆಂದು ಹೇಳಲಾಗುತ್ತದೆ. ತೆರೆಯ ಮೇಲಿನ ಒಂದೇ ಸಾಲು ನೋಡುಗರ ಔಷಧದ ಡಬ್ಬಿಯವರೆಗೂ ತಲುಪಬಲ್ಲದು. ಅಪರ್ಣಾ ಸೇನ್ ಅವರ 2005ರ '15 ಪಾರ್ಕ್ ಅವೆನ್ಯೂ' ಸ್ಕಿಜೊಫ್ರೇನಿಯಾ ಇರುವ ತಂಗಿಯಷ್ಟೇ ಗಮನವನ್ನು ಅವಳನ್ನು ನೋಡಿಕೊಳ್ಳುವ ಅಕ್ಕನಿಗೂ ಕೊಟ್ಟಿತು. ವರ್ಷಗಟ್ಟಲೆ ಆರೈಕೆ ಮಾಡುವವರ ಒಂಟಿತನ ಅಲ್ಲಿ ಮೊದಲ ಸಾಲಿಗೆ ಬಂತು.

ಕನ್ನಡಕ್ಕೆ ಇಂಥ ಕಥೆಗಳು ಬೇಕು. ತಿಂಗಳಿಗೊಮ್ಮೆ ಬಸ್ಸು ಹತ್ತಿ ತಾಲ್ಲೂಕು ಆಸ್ಪತ್ರೆಗೆ ಮಾತ್ರೆ ತರಲು ಹೋಗುವ ತಾಯಿಯ ಕಥೆ. ಔಷಧದಿಂದ ಮೈ ಊದಿಕೊಂಡಿತೆಂದು ಕುಗ್ಗಿ, ವೈದ್ಯರೊಡನೆ ಮಾತಾಡಿ ಬೇರೆ ಔಷಧಕ್ಕೆ ಬದಲಾಗುವ ಹುಡುಗಿಯ ಕಥೆ. ಕಾಯಿಲೆಯನ್ನು ಮುಚ್ಚಿಡದೆ ಕೆಲಸ ಕೇಳುವ ಯುವಕನ ಕಥೆ. ನಡುರಾತ್ರಿ 14416ಕ್ಕೆ ಕರೆ ಮಾಡಿ ಟೆಲಿ ಮಾನಸ್‌ನ ಆಪ್ತಸಮಾಲೋಚಕರೊಡನೆ ಕನ್ನಡದಲ್ಲೇ ದುಃಖ ತೋಡಿಕೊಳ್ಳುವ ರೈತನ ಕಥೆ. ಇವುಗಳಲ್ಲಿ ಖಳನಾಯಕರಿಲ್ಲ, ಒಂದೇ ರಾತ್ರಿಯ ಪವಾಡವೂ ಇಲ್ಲ. ಆದರೆ ನಾಟಕಕ್ಕೆ ಬರವಿಲ್ಲ ಎಂಬುದನ್ನು ಪುಟ್ಟಣ್ಣ ಐದು ದಶಕದ ಹಿಂದೆಯೇ ತೋರಿಸಿಕೊಟ್ಟಿದ್ದಾರೆ.

ಹಳೆಯ ಚಿತ್ರಗಳನ್ನು ಮರೆಯಬೇಕಿಲ್ಲ. ಅರಿವಳಿಕೆಯಿಲ್ಲದ ಕರೆಂಟೂ ಸರಪಳಿಯೂ ನಡೆದುಹೋದ ಕ್ರೌರ್ಯಗಳು, ಅವುಗಳ ನೆನಪು ಉಳಿಯಬೇಕು. ಅದು ಹಿಂದಿನ ಕಥೆ, ಇಂದು ಕಾನೂನಿನ ಬಲವೂ ಬೇರೆ ದಾರಿಗಳೂ ಇವೆ ಎಂಬ ತಿಳಿವಳಿಕೆಯೊಡನೆ ಅವನ್ನು ನೋಡಬೇಕು. ಮನೋರೋಗದಿಂದ ಗುಣವಾಗಿ ಬಂದವರಿಗೆ ನಮ್ಮ ಮರುಕ ಬೇಕಾಗಿಲ್ಲ. ಜೋರಾಗಿ ನಗುವ, ಅನ್ಯಾಯ ಕಂಡಾಗ ಸಿಟ್ಟಾಗುವ, ಗಂಡನನ್ನೋ ಅಣ್ಣನನ್ನೋ ಪ್ರಶ್ನಿಸುವ ಹಕ್ಕು ಅವರಿಗೂ ಎಲ್ಲರಷ್ಟೇ ಇದೆ. ಅದನ್ನು ಒಪ್ಪಿಕೊಳ್ಳುವುದೂ ಚಿಕಿತ್ಸೆಯ ಭಾಗವೇ, ಮತ್ತು ಆ ಪಾಲನ್ನು ನಿಭಾಯಿಸಬೇಕಾದವರು ಮನೆಯಲ್ಲಿರುವ ನಾವು.